ಕಂಪ್ಯೂಟರಿನೊಳಗೆ ಹೂಡಿದ ಮಾವನ ಬಂಡಿ

ಮಸ್ಕಿಯ ಬಸ್ ನಿಲ್ದಾಣದಲ್ಲಿ ಇಳಿದವರಿಗೆ ಎರಡು ದಾರಿ. ಒಂದು ಸಿಂಧನೂರಿಗೆ, ಇನ್ನೊಂದು ಲಿಂಗಸುಗೂರಿಗೆ. ಲೋಕದ ಜನಕ್ಕೆ ಇದು ಬರೀ ಬಸ್ಸಿನ ಮಾತು. ಸಿಂಧನೂರಿನ ಫೋಟೋ ಸ್ಟುಡಿಯೋದ ವೆಂಕೋಬನಿಗೆ ಮಾತ್ರ ಇದು ಜೀವದ ಮಾತು. ಪಾಮನಕಲ್ಲೂರಿನ ಮುದುಕಪ್ಪನ ಹಿರಿಯ ಮಗಳು ಆದಮ್ಮ ಇವನ ಹೆಂಡತಿ. ಕಿರಿಯ ಮಗಳನ್ನು ಲಿಂಗಸುಗೂರಿನ ಬಸ್ಸಪ್ಪನಿಗೆ ಕೊಟ್ಟಿದ್ದರು. ಮಾವ ಮಸ್ಕಿಯಲ್ಲಿ ಇಳಿದು, ಧೋತರದ ಚುಂಗು ಹಿಡಿದು, ಯಾವ ಬಸ್ಸಿನ ಕಡೆ ಹೆಜ್ಜೆ ಹಾಕುತ್ತಾನೆ ಎಂಬುದರ ಮೇಲೆ ವೆಂಕೋಬನ ಆ ವಾರದ ಊಟ, ನಿದ್ದೆ, ಹೆಂಡತಿಯೊಡನೆ ಮಾತು ಎಲ್ಲವೂ ನಿಂತಿದ್ದವು.

ಹೊಟ್ಟೆಕಿಚ್ಚು ಎಂದರೆ ಸಣ್ಣ ಮಾತಾಯಿತು. ವೆಂಕೋಬನ ಹೊಟ್ಟೆಯೊಳಗೆ ಒಂದು ಒಲೆಯೇ ಇತ್ತು. ಅದರ ಮೇಲೆ ಬಸ್ಸಪ್ಪನ ಹೆಸರಿನ ಗಡಿಗೆ ಸದಾ ಕುದಿಯುತ್ತಿತ್ತು. ಬಸ್ಸಪ್ಪನ ಮೀಸೆ ದಟ್ಟ, ಇವನದು ತೆಳು. ಬಸ್ಸಪ್ಪನ ಮನೆಯ ನಳಕ್ಕೆ ದಿನಾ ನೀರು, ಇವನ ನಳಕ್ಕೆ ದಿನ ಬಿಟ್ಟು ದಿನ.

"ನೀರು ಬಿಡಾವ್ರು ಮುನಸಿಪಾಲ್ಟಿಯವ್ರು. ಇದರಾಗ ಅವಂದೇನ್ರಿ ತಪ್ಪು?" ಎಂದು ಆದಮ್ಮ ಒಮ್ಮೆ ಕೇಳಿದ್ದಳು.

"ತಪ್ಪಿಲ್ಲದವನ ಮನಿಗೆ ದಿನಾ ಯಾಕ ನೀರು ಬರ್ತಾವ, ಹೇಳು ನೋಡೂಣು?" ಎಂದು ವೆಂಕೋಬ ಅವಳ ಬಾಯಿ ಮುಚ್ಚಿಸಿದ್ದ.

ಇಷ್ಟಾದರೂ ವೆಂಕೋಬನ ಹತ್ತಿರ ಬಸ್ಸಪ್ಪನಿಗಿಲ್ಲದ ಒಂದು ಸಂಪತ್ತಿತ್ತು. ಕಾರಹುಣ್ಣಿಮೆಯ ಸಂಜೆ ಪಾಮನಕಲ್ಲೂರಿನ ಊರಬಾಗಿಲಾದ ಅಗಸಿಯಲ್ಲಿ ಬೇವಿನ ತಪ್ಪಲು ಕಟ್ಟಿದ ಹಗ್ಗವನ್ನು ಅಡ್ಡ ಬಿಗಿದು, ಬಣ್ಣ ಬಳಿದ ಎತ್ತುಗಳನ್ನು ಓಡಿಸಿ ಆ ಹಗ್ಗ ಹರಿಸುತ್ತಾರೆ; ಅದಕ್ಕೆ ಕರಿ ಹರಿಯುವುದು ಎನ್ನುತ್ತಾರೆ. ಮುದುಕಪ್ಪನ ಮನೆಯ ಎತ್ತು ಕೆಂಚ. ಕೆಂಚನ ಮೂಗುದಾರದ ಹಗ್ಗ ಹಿಡಿದು ಜೊತೆಗೆ ಓಡುವ ಮಾನ ಆ ಮನೆಯಲ್ಲಿ ಹಿರಿಯ ಅಳಿಯನದು. ನಿಜ ಹೇಳಬೇಕೆಂದರೆ ಓಡುತ್ತಿದ್ದದ್ದು ಕೆಂಚ ಒಬ್ಬನೇ. ವೆಂಕೋಬ ಹಗ್ಗದ ತುದಿಯಲ್ಲಿ ಗಾಳಿಪಟದಂತೆ ಹಾರುತ್ತಿದ್ದ. ಆದರೆ ಓಟ ಮುಗಿದ ಮೇಲೆ ಮಾವ ಎಲ್ಲರೆದುರು ಬೆನ್ನು ತಟ್ಟಿ "ನಮ್ಮ ಅಳಿಯ" ಎನ್ನುತ್ತಿದ್ದನಲ್ಲ, ಆ ಒಂದು ತಟ್ಟಿನ ಮೇಲೆ ವೆಂಕೋಬ ವರ್ಷವೆಲ್ಲ ಬದುಕುತ್ತಿದ್ದ.

ತೊಂಬತ್ತೆಂಟರ ಬೇಸಿಗೆಯಲ್ಲಿ ಆ ತಟ್ಟಿಗೇ ಕುತ್ತು ಬಂತು.

ಸುದ್ದಿ ಕೊಟ್ಟವನು ಮಸ್ಕಿ ನಿಲ್ದಾಣದ ಚಹಾದಂಗಡಿಯ ಮೌಲಾಸಾಬ್. ಮಾವ ಯಾವ ಬಸ್ಸು ಹತ್ತಿದ ಎಂಬ ವರದಿ ವೆಂಕೋಬನಿಗೆ ಸಿಗುತ್ತಿದ್ದದ್ದು ಅವನಿಂದಲೇ. ಅವತ್ತೂ ಅದಕ್ಕೆಂದೇ ಮಸ್ಕಿಗೆ ಹೋಗಿ ಚಹಾ ಹಿಡಿದು ಕೂತಿದ್ದ.

"ವೆಂಕೋಬಣ್ಣ, ನಿಮ್ಮ ಮಾವಾರು ಲಿಂಗಸುಗೂರು ಬಸ್ ಹತ್ತಿದ್ರು ನೋಡ್ರಿ. ಬರೂಮುಂದ ಮಾರೀ ಮ್ಯಾಲ ಹೊತ್ತು ಹುಟ್ಟಿತ್ತು!"

"ಯಾಕಂತ?"

"ಬಸ್ಸಪ್ಪ ಅವರ ಎತ್ತನ್ನ ಕಂಪ್ಯೂಟರ್ ಒಳಗ ಕಟ್ಯಾನಂತ್ರಿ. ಮೇವು ಬ್ಯಾಡ, ನೀರು ಬ್ಯಾಡ, ಹಗಲೆಲ್ಲ ಓಡ್ತದಂತ. ಊರಿಗೆಲ್ಲ ಹೇಳಕೊಂತ ಹೊಂಟಿದ್ರು."

ಬಸ್ಸಪ್ಪ ಲಿಂಗಸುಗೂರಿನಲ್ಲಿ ಕಂಪ್ಯೂಟರ್ ಸೆಂಟರ್ ತೆಗೆದಿದ್ದು ವೆಂಕೋಬನಿಗೆ ಗೊತ್ತಿತ್ತು. ಅದಕ್ಕಾಗಿ ಆಗಲೇ ಒಂದು ತಿಂಗಳು ಉರಿದು ಮುಗಿಸಿದ್ದ. ಅಲ್ಲಿ ಕಂಪ್ಯೂಟರುಗಳಿಗೆಲ್ಲ ವಾಯರು ಜೋಡಿಸಿ, ಒಬ್ಬೊಬ್ಬರು ಒಂದೊಂದರ ಮುಂದೆ ಕೂತು ಒಂದೇ ರಸ್ತೆಯಲ್ಲಿ ಕಾರು ಓಡಿಸಿ ಪಂದ್ಯ ಆಡುತ್ತಿದ್ದರು. ಈಗ ಬಸ್ಸಪ್ಪ ಆಟದೊಳಗಿನ ಕಾರು ತೆಗೆಸಿ ಅಲ್ಲಿ ಬಂಡಿ ಹೂಡಿಸಿದ್ದ. ಬಂಡಿಗೆ ಕೆಂಚ. ಕೆಂಚನ ಚಿತ್ರಕ್ಕೆ ಆಧಾರ ಯಾವುದೆಂದರೆ ಸ್ವತಃ ವೆಂಕೋಬ ತೆಗೆದು, ಕಟ್ಟು ಹಾಕಿಸಿ, ಮಾವನ ಪಡಸಾಲೆಗೆ ಕೊಟ್ಟ ಫೋಟೋ!

"ಇನ್ನೊಂದು ಮಾತು ಅಂದ್ರು," ಎಂದ ಮೌಲಾಸಾಬ್, ಕಪ್ಪು-ಬಸಿ ಒರೆಸುತ್ತ. "ಈ ಸಲ ಕೆಂಚನ ಹಗ್ಗ ಸಣ್ಣ ಅಳಿಯಗ ಕೊಟ್ಟರ ಹೆಂಗ ಅಂತ ವಿಚಾರ ಮಾಡಾಕತ್ತಾರಂತ."

ವೆಂಕೋಬನ ಕೈಯಲ್ಲಿದ್ದ ಚಹಾ ಬಾಯಿಗೆ ಹೋಗುವ ಬದಲು ಅಂಗಿಗೆ ಹೋಯಿತು.

ಮನೆಗೆ ಬಂದವನೇ ಚಪ್ಪಲಿ ಬಿಡದೆ ಒಳಗೆ ನುಗ್ಗಿದ. "ನಿಮ್ಮಪ್ಪಗ ಎತ್ತು ಕಂಪ್ಯೂಟರ್‌ನಾಗ ಓಡಬೇಕೇನ? ಓಡಸ್ತೀನಿ! ಎತ್ತಷ್ಟ ಅಲ್ಲ, ನಿಮ್ಮಪ್ಪನ್ನೂ ಓಡಸ್ತೀನಿ!"

"ಅಯ್ಯ, ನಮ್ಮಪ್ಪಗ ಮೊಣಕಾಲ ಬ್ಯಾನಿರಿ," ಎಂದಳು ಆದಮ್ಮ ರೊಟ್ಟಿ ಬಡಿಯುತ್ತ.

"ಒಳಗ ಮೊಣಕಾಲು ನೋಯಂಗಿಲ್ಲ ಹುಚ್ಚಿ!"

ಸಿಂಧನೂರಿನಲ್ಲೂ ಒಂದು ಕಂಪ್ಯೂಟರ್ ಸೆಂಟರ್ ಇತ್ತು. ಅದರ ಒಡೆಯ ದಸ್ತಗೀರ್‌ಸಾಬ್ ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವನು. ಈಗ ಬೆಳಿಗ್ಗೆ ಲಗ್ನಪತ್ರಿಕೆ ಅಚ್ಚು, ಮಧ್ಯಾಹ್ನ ಟೈಪಿಂಗ್ ಪಾಠ, ಸಂಜೆ ಕಾರಿನ ಪಂದ್ಯ. ಬಸ್ಸಪ್ಪನ ಅಂಗಡಿಯಲ್ಲಿದ್ದ ಅದೇ ಆಟ ಇಲ್ಲೂ ಇತ್ತು. ಕೋಣೆಯ ಹಿಂಭಾಗದಲ್ಲಿ ಹಸಿರು ಬಟ್ಟೆ ಹೊದಿಸಿದ ಒಂದು ಡಬ್ಬಿಯನ್ನು ಯಾರೂ ಮುಟ್ಟುವಂತಿರಲಿಲ್ಲ. ಅದರ ಹೆಸರು ಸರ್ವರ್. ಅಜ್ಜಿಯರು ಹೇಳುವ ಕಥೆಯಲ್ಲಿ ಏಳು ಸಮುದ್ರದಾಚೆಯ ಗಿಳಿಯೊಳಗೆ ರಾಕ್ಷಸನ ಪ್ರಾಣ ಇರುತ್ತದಲ್ಲ, ಹಾಗೆ ಅಲ್ಲಿದ್ದ ಮೂರೂ ಕಂಪ್ಯೂಟರುಗಳ ಆಟದ ಪ್ರಾಣ ಆ ಒಂದು ಡಬ್ಬಿಯೊಳಗಿತ್ತು. ಒಂದು ದಿನದ ಮಟ್ಟಿಗೆ ಆ ಗಿಳಿಯನ್ನು ತನಗೆ ಬಾಡಿಗೆಗೆ ಕೊಡಬೇಕೆಂದು ವೆಂಕೋಬ ಕೇಳಿದ.

"ಕೊಡೋಣು ಭಾಯ್. ಏನೇನು ಬದಲಾಸಬೇಕು?"

"ಕಾರು ತಗೀರಿ. ಬಂಡಿ ಹಾಕ್ರಿ. ಬಂಡಿಗೆ ಕೆಂಚ. ಬಂಡಿ ಮ್ಯಾಲೆ ತಲಿಗೆ ಪಟಗ ಸುತ್ತಿದ ನಮ್ಮ ಮಾವ. ಬಸ್ಸಪ್ಪ ಬರೇ ಎತ್ತು ಹೂಡ್ಯಾನ, ಹೊಡಿಯಾಂವ ಇಲ್ಲ. ನಾ ಮಾವನ್ನ ಕುಂದ್ರಸ್ತೀನಿ. ಅಗಸಿ ಬರಲಿ, ಬೇವಿನ ಗಿಡ ಬರಲಿ..." ವೆಂಕೋಬ ಆಚೀಚೆ ನೋಡಿ ದನಿ ತಗ್ಗಿಸಿದ. "ಮತ್ತ ಆ ರಸ್ತೇದಾಗ ಡ್ರಮ್ ನಿಂತಿರ್ತಾವಲ್ಲ, ಗುದ್ದಿದ್ರ ಡಂ ಅಂತ ಹಾರ್ತಾವಲ್ಲ, ಅವಕ್ಕ ಒಂದು ಮುಖ ಹಚ್ಚಬೇಕಿತ್ತು."

"ಯಾರ ಮುಖ?"

ವೆಂಕೋಬ ಕಿಸೆಯಿಂದ ಬಸ್ಸಪ್ಪನ ಫೋಟೋ ತೆಗೆದು ಮೇಜಿನ ಮೇಲೆ ಬೋರಲಾಗಿ ಇಟ್ಟ. ದಸ್ತಗೀರ್‌ಸಾಬ್ ಅದನ್ನು ತಿರುವಿ ನೋಡಿ, ಗಡ್ಡ ಸವರಿಕೊಂಡು, ಖಾನೆಗೆ ಹಾಕಿಕೊಂಡ. ಲಗ್ನಪತ್ರಿಕೆ ಅಚ್ಚು ಹಾಕುವವನಿಗೆ ಬೀಗರ ಸಂಗತಿ ಹೊಸದಲ್ಲ.

ಶುಕ್ರವಾರ ಸಂಜೆ ಆಟಕ್ಕೆ ಬರಬೇಕೆಂದು ಮಾವ, ಅತ್ತೆ, ಬಸ್ಸಪ್ಪ ಎಲ್ಲರಿಗೂ ವೆಂಕೋಬ ಹೇಳಿಕಳಿಸಿದ. ಗುರುವಾರ ಎಲ್ಲ ತಯಾರಾಯಿತು. ವೆಂಕೋಬ ಒಂದು ಕಂಪ್ಯೂಟರಿನ ಮುಂದೆ ಕೂತು ನೋಡಿದರೆ ಸಾಕ್ಷಾತ್ ಮಾವ! ಕೆಂಚ ಕಾಲೆತ್ತಿ ಓಡುತ್ತಿದ್ದಾನೆ. ಬಸ್ಸಪ್ಪ ಮೀಸೆ ಸಮೇತ ಡ್ರಮ್ಮಿನಲ್ಲಿ ನಿಂತಿದ್ದಾನೆ. ಗುದ್ದಿದರೆ ಡಂ! ಆನಂದದಿಂದ ಪಕ್ಕದ ಕಂಪ್ಯೂಟರ್ ನೋಡಿದ. ಅಲ್ಲೂ ಮಾವ. ಅದರ ಪಕ್ಕದಲ್ಲೂ ಮಾವ. ಅವನ ಆನಂದ ಅಲ್ಲೇ ಆರಿತು. ಅಂದರೆ ನಾಳೆ ಬಸ್ಸಪ್ಪ ಬಂದು ಯಾವ ಕುರ್ಚಿಯಲ್ಲಿ ಕೂತರೂ ಅವನೂ ಮಾವನ ಬಂಡಿಯನ್ನೇ ಓಡಿಸುತ್ತಾನೆ! ದುಡಿದವನು ತಾನು, ಮಾವನನ್ನು ಓಡಿಸುವವನು ಅವನು!

"ನನ್ನ ಕಂಪ್ಯೂಟರ್‌ನಾಗಷ್ಟ ಮಾವ ಇರಬೇಕ್ರಿ. ಉಳಿದವಕ್ಕ ಬ್ಯಾಡ."

"ಅರೆ ಭಾಯ್, ಸುನೋ. ಸರ್ವರ್‌ಗೆ ಮುಖ ಗೊತ್ತಿಲ್ಲ. ನಂಬರ್ ಗೊತ್ತು. ಒಂದನೇ ನಂಬರ್ ಬಂಡಿ ಮ್ಯಾಲಿನಾಂವ, ಏಳನೇ ನಂಬರ್ ಡ್ರಮ್ಮಿನಾಂವ. ಯಾವ ಕಂಪ್ಯೂಟರ್‌ನಾಗ ಒಂದಕ್ಕ ಯಾವ ಮುಖ ಇರ್ತದೋ ಅಲ್ಲಿ ಅದ ಕಾಣಸ್ತದ. ಎಲ್ಲಾದರಾಗೂ ಒಂದ ಥರಾ ಇರಬೇಕು, ಇಲ್ಲಾಂದ್ರ ಒಬ್ಬರಿಗೊಂದು ಕಾಣಸ್ತದ. ಕೈ ಹಚ್ಚಬ್ಯಾಡ್ರಿ."

ಹೊಟ್ಟೆಯಲ್ಲಿ ಒಲೆ ಇದ್ದವನಿಗೆ ಕಿವಿ ಇರುವುದಿಲ್ಲ. ಮರುದಿನ ಶುಕ್ರವಾರ. ದಸ್ತಗೀರ್‌ಸಾಬ್ ಅಂಗಡಿ ನೋಡಿಕೊಳ್ಳಲು ಹೇಳಿ ನಮಾಜಿಗೆ ಹೋದ. ವೆಂಕೋಬ ಬಾಗಿಲ ಹತ್ತಿರದ ಕಂಪ್ಯೂಟರನ್ನು ಮಾವನಿಗೆಂದು ಹಾಗೇ ಬಿಟ್ಟು, ಉಳಿದೆರಡರಲ್ಲೂ ಒಂದನೇ ನಂಬರಿನ ಮುಖವನ್ನು ಏಳಕ್ಕೆ ಹಚ್ಚಿದ, ಏಳರದನ್ನು ಒಂದಕ್ಕೆ ಹಚ್ಚಿದ. ಬೇರೆಯವರ ಬಂಡಿಯ ಮೇಲೆ ಬಸ್ಸಪ್ಪನೇ ಕೂತಿರಲಿ, ಸಂಬಳದಾಳಿನ ಹಾಗೆ ಕಾಣುತ್ತಾನೆ ಎಂಬುದು ಅವನ ಲೆಕ್ಕ. ಬಂಡಿಯಿಂದ ಇಳಿಸಿದ ಮಾವ ಎಲ್ಲಿ ಹೋಗಿ ನಿಂತ ಎಂದು ಅವನು ಯೋಚಿಸಲಿಲ್ಲ. ಕುರ್ಚಿಯಿಂದ ಒಬ್ಬರನ್ನು ಎಬ್ಬಿಸಿದರೆ ಅವರಿಗೂ ಒಂದು ಜಾಗ ಬೇಕಲ್ಲ ಎಂಬುದು ಎಷ್ಟೋ ದೊಡ್ಡ ದೊಡ್ಡವರಿಗೇ ಹೊಳೆಯುವುದಿಲ್ಲ, ವೆಂಕೋಬನದೇನು.

ಸಂಜೆ ಬಂಧುಬಳಗ ಬಂತು. ಮುಂದೆ ಮುದುಕಪ್ಪ. ಹಿಂದೆ ಮುಖದ ತುಂಬ ಸೆರಗೆಳೆದುಕೊಂಡ ಅತ್ತೆ ತಿಮ್ಮವ್ವ. ಆಕೆ ಅಳಿಯಂದಿರ ಎದುರಿಗೆ ಬರುವವಳಲ್ಲ, ನೇರ ಮಾತಾಡುವವಳೂ ಅಲ್ಲ. ಹೇಳುವುದಿದ್ದರೆ ಗೋಡೆಗೆ ಹೇಳುತ್ತಿದ್ದಳು; ಅಳಿಯಂದಿರು ಗೋಡೆಯಿಂದ ಕೇಳಿಸಿಕೊಳ್ಳಬೇಕು. ಕೊನೆಯಲ್ಲಿ ಬಸ್ಸಪ್ಪ, ಕೈಯಲ್ಲಿ ಒಂದು ಕಲ್ಲಂಗಡಿ. ಅದೂ ವೆಂಕೋಬ ತಂದಿಟ್ಟಿದ್ದಕ್ಕಿಂತ ದೊಡ್ಡದು. ಸ್ಟುಡಿಯೋದ ಪಕ್ಕದ ಬಳೆ ಅಂಗಡಿಯ ಖಾತೂನ್‌ಬೀ ಗಿರಾಕಿಗಳನ್ನು ಬಿಟ್ಟು ಬಂದು ಬಾಗಿಲಲ್ಲಿ ನಿಂತಳು. ಅವಳ ಬೆನ್ನಿಗೆ ಓಣಿಯೇ ನಿಂತಿತು. ರಸ್ತೆಯ ಜನಕ್ಕೆ ಕಾಣಲಿ ಎಂದೇ ವೆಂಕೋಬ ಬಾಗಿಲ ಹತ್ತಿರದ ಕಂಪ್ಯೂಟರನ್ನು ಆರಿಸಿದ್ದ.

"ಬರ್ರಿ ಮಾವಾರ, ಇಲ್ಲಿ ಕುಂದರ್ರಿ!"

"ಅಣ್ಣಾರ," ಎಂದ ಬಸ್ಸಪ್ಪ ಮೆಲ್ಲಗೆ, "ಇದು ಚಪ್ಪಲಿ ಬಿಡೋ ಜಾಗ ಅಲ್ರಿ?"

ಎಲ್ಲರೂ ಕೆಳಗೆ ನೋಡಿದರು. ಕಂಪ್ಯೂಟರಿಗೆ ಧೂಳು ಆಗದೆಂದು ದಸ್ತಗೀರ್‌ಸಾಬ್ ಚಪ್ಪಲಿಗಳನ್ನು ಬಾಗಿಲಲ್ಲೇ ಬಿಡಿಸುತ್ತಿದ್ದ. ಮಾವನಿಗೆಂದು ಇಟ್ಟ ಕುರ್ಚಿಯ ಸುತ್ತ ಸಿಂಧನೂರಿನ ಚಪ್ಪಲಿಗಳೆಲ್ಲ ಹರಡಿಕೊಂಡಿದ್ದವು.

"ಹಾಯ್ ಅಲ್ಲಾ, ಮಾವನ್ನ ಜೋಡಿನ ಹತ್ರ ಕುಂದ್ರಸೋದಾ?" ಖಾತೂನ್‌ಬೀ ಗಲ್ಲಕ್ಕೆ ಕೈ ಹಚ್ಚಿದಳು.

"ಮಾವಾರ್ನ ಫ್ಯಾನ್ ಕೆಳಗ ಕುಂದ್ರಸೂಣ್ರಿ," ಎಂದ ಬಸ್ಸಪ್ಪ.

"ಬ್ಯಾಡ! ಇಲ್ಲೇ ಚೊಲೊ! ಇಲ್ಲಿ ಗಾಳಿ... ಹೊರಗಿನ ಗಾಳಿ..." ವೆಂಕೋಬ ತೊದಲಿದ. ಯಾರು ಕೇಳಬೇಕು? ಮುದುಕಪ್ಪ ಆಗಲೇ ಫ್ಯಾನಿನ ಕೆಳಗೆ ಕೂತು ಪಟಗ ಸರಿಮಾಡಿಕೊಳ್ಳುತ್ತಿದ್ದ. ತಿಮ್ಮವ್ವ ಗೋಡೆಗೆ ಮುಖ ಮಾಡಿ ಮೂಲೆಯ ಕಂಪ್ಯೂಟರ್ ಹಿಡಿದಳು. ಯಾವ ಗುಂಡಿ ಒತ್ತಿದರೆ ಎತ್ತು ಓಡುತ್ತದೆ ಎಂದು ಆದಮ್ಮ ತೋರಿಸಿಕೊಟ್ಟಳು. ಬಸ್ಸಪ್ಪ ಜಾಗ ಸಿಗದೆ ನಿಂತೇ ಉಳಿದ. ಇದು ಸ್ವಲ್ಪ ಸಮಾಧಾನ. ಮಾವನಿಗೆ ಕಣ್ಣು ಮಂಜು, ಬಂಡಿಯ ಮೇಲೆ ಯಾರಿದ್ದರೂ ತಾನೇ ಅಂದುಕೊಳ್ಳುತ್ತಾನೆ ಎಂದು ವೆಂಕೋಬ ಧೈರ್ಯ ತಂದುಕೊಂಡು ಚಪ್ಪಲಿಗಳ ನಡುವೆ ಕೂತ.

ಅಷ್ಟರಲ್ಲಿ ಮುದುಕಪ್ಪ ಕಿಸೆಯಿಂದ ಚಾಳೀಸು ತೆಗೆದು ಮೂಗಿಗೆ ಏರಿಸಿಕೊಂಡ.

ಆಟ ಶುರುವಾಯಿತು. ವೆಂಕೋಬನ ಪರದೆಯಲ್ಲಿ ಸ್ವರ್ಗ ಇಳಿದಿತ್ತು. ಮೂರು ಬಂಡಿ, ಮೂರರ ಮೇಲೂ ಮಾವ. ಎದುರಿಗೆ ಡ್ರಮ್ಮಿನಲ್ಲಿ ಬಸ್ಸಪ್ಪ. ಒಂದು ಸಲ ಗುದ್ದಿದ, ಡಂ. ಇನ್ನೊಂದು ಸಲ ಗುದ್ದಿದ, ಡಂ. ವೆಂಕೋಬನಿಗೆ ಲೋಕದ ಪರಿವೆ ತಪ್ಪಿತು.

"ಹೊಡೀರಿ ಮಾವಾರ! ನಡುದಾರ್ಯಾಗ ನಿಂತಾನ ನೋಡ್ರಿ ದಂಡಪಿಂಡ! ಬಿಡಬ್ಯಾಡ್ರಿ!"

ಮುದುಕಪ್ಪನ ಪರದೆಯಲ್ಲಿ ನಡುದಾರಿಯಲ್ಲಿ ನಿಂತವನು ಮುದುಕಪ್ಪ. ಅವನ ಕೈ ಗುಂಡಿಯ ಮೇಲೆ ನಿಂತುಹೋಯಿತು.

"ಯಾರಿಗಿ ಅನ್ನಾಕತ್ತೀರಿ ಅಳಿಯಾರ?"

"ಗುರ್ತು ಸಿಗಲಿಲ್ಲೇನ್ರಿ? ಮಾರಿ ನೋಡ್ರಿ, ಹೆಂಗ ಉಬ್ಬಸಕೊಂಡು ನಿಂತಾನ! ಬಿಟ್ಟಿ ಬಂದಾಂವ! ಮಂದಿ ಹೊಗಳಿದ್ರ ಹಿಗ್ಗಾಂವ!"

"ಹಿಗ್ಗತಾನೇನು?" ಮುದುಕಪ್ಪನ ದನಿ ಬಾವಿಯೊಳಗಿಂದ ಬಂದಂತಿತ್ತು.

"ಸೊಕ್ಕರೀ, ಸೊಕ್ಕು! ನನ್ನ ಕೈಯಾಗ ಸಿಕ್ಕಾನ ಇವತ್ತು. ಎಷ್ಟು ದಿನದಿಂದ ಹೊಡೀಬೇಕಂದಿದ್ನಿ!" ಡಂ, ಡಂ.

ಬಾಗಿಲ ಜನ ಅತ್ತ ಮಾವನ ಪರದೆ ನೋಡಿತು, ಇತ್ತ ಅಳಿಯನ ಪರದೆ ನೋಡಿತು. ಖಾತೂನ್‌ಬೀ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಷ್ಟರಲ್ಲಿ ಮುದುಕಪ್ಪನ ಪರದೆಯಲ್ಲಿ ಎಲ್ಲಿಂದಲೋ ಒಂದು ಬಂಡಿ ಬಿರುಗಾಳಿಯಂತೆ ಬಂದು ಅವನ ಡ್ರಮ್ಮಿಗೆ ಗುದ್ದಿತು. ಹಾರಿದ ಡ್ರಮ್ಮು ನೆಲಕ್ಕೆ ಬೀಳುವುದರೊಳಗೆ ತಿರುಗಿ ಬಂದು ಇನ್ನೊಮ್ಮೆ ಗುದ್ದಿತು. ಮುಂದಿನ ಡ್ರಮ್ಮಿನ ಮುದುಕಪ್ಪನನ್ನೂ ಹುಡುಕಿಕೊಂಡು ಹೋಗಿ ಗುದ್ದಿತು.

"ಯಾವನಲೇ ಅಂವ, ನನ್ನ ಬೆನ್ನು ಹತ್ತಿ ಬೆನ್ನು ಹತ್ತಿ ಹೊಡಿಯಾಂವ?" ಮುದುಕಪ್ಪ ಎದ್ದು ನಿಂತ.

ದಸ್ತಗೀರ್‌ಸಾಬ್ ಎಲ್ಲ ಪರದೆಗಳನ್ನು ಇಣುಕಿ ನೋಡಿ ಬಂದು ಗಂಟಲು ಸರಿಮಾಡಿಕೊಂಡ. "ಮೂಲಿ ಕಂಪ್ಯೂಟರ್ರಿ. ಅಮ್ಮಾರು."

ತಿಮ್ಮವ್ವ ಗುಂಡಿಯ ಮೇಲಿನ ಬೆರಳು ತೆಗೆಯದೆ, ಗೋಡೆಗೆ ಹೇಳಿದಳು: "ಗುರ್ತು ಹಿಡದ ಹೊಡದೀನಂತ ಹೇಳ್ರಿ ಅವರಿಗೆ."

ಓಣಿ ಒಮ್ಮೆಲೇ ನಕ್ಕಿತು. ಮುದುಕಪ್ಪನ ಮುಖ ಮೊದಲು ಕೆಂಚನ ಬಣ್ಣಕ್ಕೆ ಬಂದು, ಆಮೇಲೆ ಬಿಳಿಚಿತು. ಹೆಂಡತಿಗೆ ಏನೂ ಅನ್ನಲಾಗದೆ ಅವನು ಅಳಿಯನ ಕಡೆ ಹೊರಳಿದ.

"ವೆಂಕೋಬಪ್ಪ, ಮಾವನ್ನ ಕರೆಸಿ ಡ್ರಮ್ಮಿನಾಗ ಹಾಕಿದ್ರಿ. ಹಾಕ್ರಿ. ನನ್ನ ಬಂಡಿ ಮ್ಯಾಲೆ ಬಸ್ಸಪ್ಪನ್ನ ಕುಂದ್ರಿಸೀರಿ. ಬಂಡಿ ಯಾರಿಗೆ ಒಪ್ಪತೈತಿ ಅಂಬೋದು ನಿಮ್ಮ ಮನಸಿನಾಗೂ ಐತಿ ಅಂದಂಗಾತು. ನಾನೂ ಅದ ವಿಚಾರದಾಗಿದ್ನಿ. ಕೆಂಚನ ಹಗ್ಗ ಈ ಸಲ ಬಸ್ಸಪ್ಪಗ."

"ಮಾವಾರ, ಅದು ಹಂಗಲ್ರಿ! ನನ್ನ ಕಂಪ್ಯೂಟರ್ ನೋಡ್ರಿ, ಇದರಾಗ ನೀವ ಬಂಡಿ ಮ್ಯಾಲೆ ಇದ್ದೀರಿ!" ಎಂದು ವೆಂಕೋಬ ಮಾವನ ಕೈ ಹಿಡಿದು ಎಳೆದ. ಎರಡು ಹೆಜ್ಜೆ ಎಳೆದ ಮೇಲೆ, ತನ್ನ ಪರದೆಯಲ್ಲಿ ಡ್ರಮ್ಮಿನೊಳಗೆ ಯಾರಿದ್ದಾರೆ ಎಂಬುದು ನೆನಪಾಯಿತು. ಕೈ ಬಿಟ್ಟು ಓಡಿಹೋಗಿ ಪರದೆಗೆ ಬೆನ್ನು ಹಚ್ಚಿ, ಎರಡೂ ಕೈ ಚಾಚಿ ನಿಂತ.

"ತೋರಸ್ತೀನಂದ್ರಿ, ಮುಚ್ಚಿಕೊಂಡು ನಿಂತೀರಿ," ಎಂದ ಮುದುಕಪ್ಪ.

"ತೋರಿಸಾಕ ಬರಂಗಿಲ್ರಿ."

"ಯಾಕ ಬರಂಗಿಲ್ಲ?"

"ಬಿಸಿ ಆಗೈತ್ರಿ."

ಬಸ್ಸಪ್ಪ ಅವನ ಕಂಕುಳ ಸಂದಿಯಿಂದ ಇಣುಕಿ ನೋಡಿದ. ಬಹಳ ಹೊತ್ತು ನೋಡಿದ. ವೆಂಕೋಬ ಕಣ್ಣು ಮುಚ್ಚಿ ಏಟಿಗೆ ಕಾದ. ಬೈದಿದ್ದರೆ, ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. ಆದರೆ ಬಸ್ಸಪ್ಪ ಅಂದದ್ದು ಇಷ್ಟೇ: "ಅಣ್ಣಾರ, ಮೀಸಿ ಬಾಳ ಚೊಲೊ ಬಂದಾವ್ರಿ. ನನ್ನ ಅಂಗಡಿಗೂ ಒಂದು ಇಂಥಾದು ಹಾಕಿಕೊಡ್ರಿ."

ಅವತ್ತಿನ ಮಟ್ಟಿಗೆ ವೆಂಕೋಬನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಬೇಕಾಗಿರಲಿಲ್ಲ. ಬೀಗರು ಕಲ್ಲಂಗಡಿ ತಿಂದು ಹೋದರು. ಬಸ್ಸಪ್ಪನದನ್ನೇ ಕೊಯ್ದರು, ಅದೇ ಕೆಂಪಗಿತ್ತು.

ಕಾರಹುಣ್ಣಿಮೆ ಬಂತು. ಪಾಮನಕಲ್ಲೂರಿನ ಅಗಸಿಯಲ್ಲಿ ಹಲಗೆ ಮೊಳಗಿದವು. ವೆಂಕೋಬ ಬೇವಿನ ಗಿಡಕ್ಕೆ ಒರಗಿ ನಿಂತಿದ್ದ. ಬಸ್ಸಪ್ಪ ಹೊಸ ಪಟಗ ಸುತ್ತಿ, ಕೆಂಚನ ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡ. ಹಗ್ಗವನ್ನು ಎಂದೂ ಸುತ್ತಿಕೊಳ್ಳಬಾರದು, ಹಿಡಿಯಬೇಕು ಅಷ್ಟೆ. ಎತ್ತು ಜಗ್ಗಿದಾಗ ಬಿಡಬೇಕು. ಇದು ವೆಂಕೋಬನಿಗೆ ಗೊತ್ತಿತ್ತು. ಹೇಳಬೇಕೆಂದು ಬಾಯಿ ತೆರೆದ. ಬಸ್ಸಪ್ಪನ ಮೀಸೆ ಕಂಡಿತು. ಬಾಯಿ ಮುಚ್ಚಿದ.

ಕೆಂಚ ಹಾರಿದ. ಕರಿ ಹರಿಯಿತು. ಎಲ್ಲರಿಗಿಂತ ಮೊದಲು ಹರಿದವನು ಕೆಂಚನೇ. ಆದರೆ ಹರಿದ ಮೇಲೆ ನಿಲ್ಲಲಿಲ್ಲ. ಬಸ್ಸಪ್ಪನನ್ನು ಹಗ್ಗದ ಸಮೇತ ಎಳೆದುಕೊಂಡು ತಿಪ್ಪೆ ದಾಟಿ, ಜಾಲಿ ಬೇಲಿ ದಾಟಿ, ಹೊಲಕ್ಕೆ ಹೋಗಿ ನಿಂತ. ವೆಂಕೋಬನ ಎದೆಯಲ್ಲಿ ಹಲಗೆಗಳೆಲ್ಲ ಒಟ್ಟಿಗೆ ಮೊಳಗಿದವು. ಎಷ್ಟೋ ವರ್ಷಗಳ ಮೇಲೆ ಅವನ ಹೊಟ್ಟೆಯೊಳಗಿನ ಒಲೆ ತಣ್ಣಗಾಯಿತು.

ತಣ್ಣಗಿದ್ದದ್ದು ಮನೆಗೆ ಬರುವ ತನಕ ಮಾತ್ರ. ಪಡಸಾಲೆಯ ಹೊರಸಿನ ಮೇಲೆ ಬಸ್ಸಪ್ಪನನ್ನು ಮಲಗಿಸಿದ್ದರು. ಮುದುಕಪ್ಪ ತನ್ನ ಪಟಗ ಬಿಚ್ಚಿ, ಅದನ್ನೇ ಹರಿದು ಅಳಿಯನ ಕಾಲಿಗೆ ಕಟ್ಟುತ್ತಿದ್ದ. "ಕೈ ಬಿಡಲಿಲ್ಲ ನೋಡ್ರಿ! ಜೀವ ಹೋದ್ರೂ ಹಗ್ಗ ಬಿಡಲಿಲ್ಲ, ನಮ್ಮ ಅಳಿಯ!" ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಊರ ಹಿರಿಯರು ಸರತಿಯಲ್ಲಿ ಬಂದು ತಲೆ ಸವರುತ್ತಿದ್ದರು. ಇದೂ ಹೋಗಲಿ ಅಂದರೆ, ಇಷ್ಟು ವರ್ಷ ಅಳಿಯಂದಿರಿಗೆ ಸೆರಗಿನ ಅಂಚಷ್ಟೇ ತೋರಿಸಿದ್ದ ತಿಮ್ಮವ್ವ ಮುಖ ಬಿಟ್ಟುಕೊಂಡು, ಎದುರಿಗೇ ಕೂತು, "ನೋಯ್ತೈತೇನಪ್ಪ?" ಎಂದು ಕೇಳುತ್ತ ತುಪ್ಪದ ಹೋಳಿಗೆ ಮುರಿದು ಬಾಯಿಗಿಡುತ್ತಿದ್ದಳು.

ವೆಂಕೋಬ ಕಂಬ ಹಿಡಿದು ನಿಂತೇ ನೋಡಿದ. ಆ ಎತ್ತು ಎಳೆಯಬೇಕಾದದ್ದು ತನ್ನನ್ನು. ಆ ಜಾಲಿ ಮುಳ್ಳು ತನ್ನವು. ಆ ತಿಪ್ಪೆ ತನ್ನದು. ಹಿರಿಯ ಅಳಿಯನಿಗೆ ಸಲ್ಲಬೇಕಾದ ಪೆಟ್ಟು ಅದು!

ಮೆಲ್ಲಗೆ ಅಡುಗೆಮನೆಗೆ ಬಂದು ಒಲೆಯ ಮುಂದಿದ್ದ ಆದಮ್ಮನ ಪಕ್ಕ ಕುಂಟುತ್ತ ಹೋಗಿ ನಿಂತ.

"ನನಗೂ ಯಾಕೋ ಕಾಲು ಬಾಳ ನೋಯಾಕತ್ತಾದ, ಆದಿ. ನಿಮ್ಮವ್ವಗ ಒಂದು ಮಾತು ಹೇಳಿ ಬಾ."

ಆದಮ್ಮ ಹೋಳಿಗೆ ತಿರುವುತ್ತ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಯಾವ ಕಾಲ್ರಿ?"

ವೆಂಕೋಬ ಪಡಸಾಲೆಯ ಕಡೆ ಇಣುಕಿದ.

"ಅವಂದು ಯಾವುದು?"

"ಎಡಗಾಲು."

"ಹಂಗಾದ್ರ ನಂದು ಎರಡೂ ಅಂತ ಹೇಳು."